ಹೆಸರು ಕೇಳಿದ ಗುಂಡಿ

"ಏನ್ಲಾ ಮುನಿಯಲ್ಲಪ್ಪ, ನಿಮ್ಮವ್ವ ಇನ್ನೂ ಸತ್ತಿಲ್ವಾ?"

ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ನನ್ನ ಗಂಡ ಕುಡುಗೋಲು ಹಿಡಿದೇ ಎದ್ದು ನಿಂತ. ಹೊರೆ ಕಟ್ಟುತ್ತಿದ್ದ ನಾನೂ ಎದ್ದೆ. ಬದುವಿನ ಮೇಲೆ ಗೌಡರು, ಕೋದಂಡರಾಮಪ್ಪನವರು, ನಿಂತಿದ್ದರು. ಆಳಿನ ತಾಯಿಯ ಆರೋಗ್ಯ ವಿಚಾರಿಸಲು ಅವರು ತೋಟಕ್ಕೆ ಬಂದದ್ದು ಅದೇ ಮೊದಲು.

"ಇಲ್ಲ ಸಾಮಿ. ಜ್ವರ ಹಂಗೇ ಐತೆ. ಗ್ಯಾನ ಇಲ್ಲ."

"ಗ್ಯಾನ ಇಲ್ದಿದ್ರೆ ಸಾಲ್ದು ಕಣೋ ಬೋಳಿಮಗನೆ. ನಾಳೆ ಬೆಳಗ್ಗೆ ರೈಲಿನ ಸಾಹೇಬ ಅಳೆಯಕ್ಕೆ ಬರ್ತಾನೆ. ಅಷ್ಟರೊಳಗೆ ಹೆಣ ಬೇಕು."

ಟೇಕಲ್ ಸ್ಟೇಷನ್ನಿನಿಂದ ಕಲ್ಲುಕ್ವಾರಿಗಳ ಕಡೆಗೆ ಗೂಡ್ಸ್ ರೈಲಿಗೆ ಹೊಸ ದಾರಿ ಹಾಕುತ್ತಾರೆಂಬ ಸುದ್ದಿ ಬಂದಾಗಿನಿಂದ ಜಮೀನುದಾರರಿಗೆ ನಿದ್ದೆ ಇರಲಿಲ್ಲ. ಆ ದಾರಿ ಗೌಡರ ಸೊಪ್ಪಿನ ತೋಟ, ರಾಗಿ ಹೊಲ ಎರಡನ್ನೂ ಸೀಳಿಕೊಂಡು ಹೋಗುತ್ತಿತ್ತು. ಮಾಲೂರಿನಲ್ಲಿ ಧಿಕ್ಕಾರ ಕೂಗಿಸಲು ನಮ್ಮನ್ನೇ ಲಾರಿಗೆ ತುಂಬಿಕೊಂಡು ಹೋಗಿದ್ದರು. "ನಮ್ಮ ಭೂಮಿ ಬಿಡೆವು" ಎಂದು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಹೆಣ ಹೂಳಲು ಮೂರಡಿ ಜಾಗವೂ ಇಲ್ಲದವರು ನಾವು, ಚೆನ್ನಾಗಿಯೇ ಕೂಗಿದೆವು.

ಕೋಲಾರದ ವಕೀಲರೊಬ್ಬರು ಗೌಡರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಹರಿಜನರ ಸ್ಮಶಾನ ಅಡ್ಡ ಬಂದರೆ ಸರ್ಕಾರ ಮುಟ್ಟಲು ಹೆದರುತ್ತದಂತೆ. ಆ ವಾರವೇ ರಾಗಿ ಹೊಲದ ಅಂಚಿನಲ್ಲಿ ಹಳೇ ಚಪ್ಪಡಿಗಳು ಗೋರಿಗಲ್ಲುಗಳಂತೆ ಎದ್ದು ನಿಂತವು, ಅವಕ್ಕೆ ಅರಿಶಿನ ಕುಂಕುಮವೂ ಬಿತ್ತು. ಹಸೀ ಗೋರಿ ಒಂದು ಮಾತ್ರ ಬಾಕಿ.

"ಸುಮ್ನೆ ಮಣ್ಣು ಗುಡ್ಡೆ ಹಾಕಿದ್ರೆ ಅಗೆಸಿ ನೋಡ್ತಾನೆ ಅವ್ನು. ಇವತ್ತೇ ಗುಂಡಿ ತೋಡಿಬಿಡು."

"ಉಸ್ರು ಇರೋವಾಗ ತೋಡಬಾರ್ದು ಸಾಮಿ. ತೆರೆದ ಗುಂಡಿ ಹೆಸ್ರು ಕೇಳ್ತದೆ."

"ಕೇಳಿದ್ರೆ ನಿಮ್ಮವ್ವನ ಹೆಸ್ರು ಹೇಳ್ಲಾ!" ಗೌಡರು ನಕ್ಕರು. "ತೋಡ್ತೀಯೋ, ಗುಡಿಸ್ಲು ಕಿತ್ತಾಕಿಸ್ಲೋ?"

ಗುಡಿಸಲು ಇದ್ದದ್ದು ಅವರ ಜಾಗದಲ್ಲಿ. ನನ್ನ ಗಂಡ ಸಲಿಕೆ ತಂದ.

ನಮ್ಮ ಕೇರಿಯಲ್ಲಿ ಗುಂಡಿಗೂ ಒಂದು ಕಟ್ಟಳೆ ಉಂಟು. ತೋಡಿದ ಮೇಲೆ ಯಾರದಾದರೂ ಹೆಸರು ಹಿಡಿದು ಅತ್ತು, ಮೂರು ಹಿಡಿ ಮಣ್ಣು ಹಾಕದೆ ಮುಚ್ಚುವಂತಿಲ್ಲ. ಹೆಸರು ಸಿಗದಿದ್ದರೆ ಆ ಗುಂಡಿ, ತೋಡಿದವನ ಮನೆಯಿಂದಲೇ ಒಬ್ಬರನ್ನು ಎಳೆದುಕೊಳ್ಳುತ್ತದೆ. ನನ್ನ ಹೊಟ್ಟೆಯಲ್ಲಿ ಆಗಷ್ಟೇ ಕೂಸು ಮಿಸುಕತೊಡಗಿತ್ತು. ಸಲಿಕೆ ಮಣ್ಣಿಗೆ ಬಿದ್ದಾಗಲೆಲ್ಲ ನಾನು ಹೊಟ್ಟೆಗೆ ಸೆರಗು ಮುಚ್ಚಿಕೊಂಡೆ. ಅಷ್ಟು ಭಯ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

ಹಿಂದೆ ಇದೇ ಹೊಲದ ಬದುವಿನ ಮೇಲೆ ನನ್ನ ಮಾವನ ಹೆಣ ಹೊತ್ತೊಯ್ಯಲು ಗೌಡರು ಬಿಟ್ಟಿರಲಿಲ್ಲ. ಕೆರೆಯ ಕೆಸರಿಗಿಳಿದು, ಎದೆಮಟ್ಟದ ನೀರಿನಲ್ಲಿ ದಾಟಿಸಿದ್ದೆವು. ಮಾವನ ಒಂದು ಕಾಲು ಚಟ್ಟದಿಂದ ಜಾರಿ ನೀರಿನಲ್ಲಿ ತೇಲುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೌಡರ ಮನೆಯಾಳು ಕದಿರೇಶ ಲೋಟ ಹಿಡಿದು ಬಂದ. ಗೌಡರ ಮನೆಯ ಲೋಟ ನಮ್ಮ ಹೊಸಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ.

"ಹಾಲು. ಮುದುಕಿಗೆ ಕುಡಿಸಬೇಕಂತೆ. ಮುಂದೆ ನಿಂತು ಕುಡಿಸ್ಕೊಂಡ್ ಬಾ ಅಂದವ್ರೆ." ಅವನು ನನ್ನ ಮುಖ ನೋಡಲಿಲ್ಲ.

"ನೀನೊಂದು ಗುಟುಕು ಕುಡಿ, ನೋಡೋಣ."

ಕದಿರೇಶ ಲೋಟವನ್ನು ನನ್ನ ಕೈಗೆ ತುರುಕಿದ. "ಚೆಲ್ಬಿಡಕ್ಕಾ," ಅಂದ. "ಕುಡಿಸ್ದೆ ಅಂತ ಹೇಳ್ತೀನಿ. ನನ್ನ ಹೆಸ್ರು ಎತ್ಬೇಡ, ನಿನ್ ಕಾಲಿಗ್ ಬೀಳ್ತೀನಿ."

ತಿಪ್ಪೆಗೆ ಚೆಲ್ಲಿದೆ. ಅದರಲ್ಲಿ ಏನಿತ್ತೋ ಇಂದಿಗೂ ಗೊತ್ತಿಲ್ಲ. ಬಾಗಿಲಿಗೆ ಒನಕೆ ಆನಿಸಿ, ಗಂಡ ಹೆಂಡತಿ ಇಬ್ಬರೂ ಅತ್ತೆಯ ಎರಡು ಪಕ್ಕದಲ್ಲಿ ಕೂತೆವು. ಹೊರಗೆ ನಾಯಿ ಬೊಗಳಿದರೂ ನನ್ನ ಗಂಡ ಕುಡುಗೋಲು ಮುಟ್ಟಿಕೊಳ್ಳುತ್ತಿದ್ದ.

ಕೋಳಿ ಕೂಗುವ ಹೊತ್ತಿಗೆ ಅತ್ತೆಯ ಮೈ ಬೆವರಿತು. ಕಣ್ಣು ಬಿಟ್ಟವಳು ನಮ್ಮಿಬ್ಬರನ್ನೂ ನೋಡಿದಳು.

"ಯಾಕ್ರೋ ಹೆಣ ಕಾಯೋರ ಹಂಗೆ ಕುಂತಿದೀರಾ? ಗಂಜಿ ಐತೇನೇ ಕೊಂಡಮ್ಮ?"

ನನ್ನ ಗಂಡ ಗಳಗಳನೆ ಅತ್ತು ಎಲ್ಲ ಹೇಳಿದ. ಅತ್ತೆ ದೊಡ್ಡಮುನಿಯಮ್ಮ ಗಂಜಿ ಕುಡಿಯುತ್ತಾ ಕೇಳಿದಳು. ಸುತ್ತಲ ಊರುಗಳಿಗೆಲ್ಲ ಸಾವಿನ ಮನೆಯಲ್ಲಿ ಅಳುವವಳು ಅವಳೇ. ಬೀದಿಯಲ್ಲಿ ಕೂತು ಸತ್ತವರ ಹೆಸರು ಹಿಡಿದು ರಾಗ ಎಳೆದರೆ ಕಲ್ಲೂ ಕರಗುತ್ತಿತ್ತು. ಗೌಡರ ಅಪ್ಪ ಸತ್ತಾಗ ಮಕ್ಕಳಿಗೇ ಬಾರದ ಕಣ್ಣೀರನ್ನು ಊರಿಗೆಲ್ಲ ಬರಿಸಿದ್ದಳು.

"ಗುಂಡಿ ತೋಡ್ಸಿದ್ದು ಯಾರು?"

"ಗೌಡ್ರು."

"ಹಂಗಾದ್ರೆ ತೋಡ್ಸಿದೋನ ಹೆಸ್ರೇ ಹೇಳಿ ಮುಚ್ಬೇಕು. ನಮ್ಮವ್ವ ಹೇಳಿಕೊಟ್ಟಿದ್ದು ಹಂಗೇ. ಎತ್ತು ನನ್ನ."

"ಬ್ಯಾಡ ಅವ್ವಾ, ಸಾಯಿಸ್ಬಿಡ್ತಾರೆ!"

"ನಿನ್ನೆ ಮತ್ತಿನ್ನೇನ್ ಮಾಡಕ್ ಬಂದಿದ್ರೋ, ಮುದ್ದು ಮಾಡಕ್ಕಾ?"

ಅವಳ ಮೈಯಲ್ಲಿ ಶಕ್ತಿ ಇರಲಿಲ್ಲ. ನಾನೂ ನೆರೆಮನೆಯ ಮುನಿಯಲ್ಲಮ್ಮನೂ ಎರಡು ತೋಳು ಹಿಡಿದೆವು. ನನ್ನ ಗಂಡ ಸಲಿಕೆ ಹೊತ್ತು ಹಿಂದೆ ಬಂದ. ಯಾರೂ ಕರೆಯದಿದ್ದರೂ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಸೇರಿಕೊಂಡರು. ನನಗೆ ವಾಪಸ್ಸು ಓಡಿಹೋಗುವಷ್ಟು ಹೆದರಿಕೆ. ಆದರೆ ಅತ್ತೆಯ ತೋಳು ನನ್ನ ಕೈಯಲ್ಲಿತ್ತು.

ಹೊಲದ ಹತ್ತಿರ ಜೀಪು ನಿಂತಿತ್ತು. ಬೇರೆ ಜಮೀನುದಾರರೂ ಬಂದಿದ್ದರು, ದೊಣ್ಣೆ ಹಿಡಿದ ಅವರ ಆಳುಗಳೂ. ಗೌಡರು ಟೋಪಿ ಹಾಕಿದ ಸಾಹೇಬರಿಗೆ ಚಪ್ಪಡಿಗಳನ್ನು ತೋರಿಸುತ್ತಿದ್ದರು.

"ತಾತನ ಕಾಲದಿಂದ ಇವ್ರನ್ನ ಇಲ್ಲೇ ಹೂಳೋದು ಸಾರ್. ನಮ್ಮ ಜಾಗಾನೇ, ಆದ್ರೂ ಬಿಟ್ಟುಕೊಟ್ಟಿದೀವಿ. ಪಾಪ, ರಾತ್ರಿ ಇನ್ನೊಂದು ಮುದುಕಿ ಹೋಯ್ತು, ಈಗ ತರ್ತಾರೆ ನೋ..."

ಮಾತು ಅಲ್ಲಿಗೇ ನಿಂತಿತು. ಅತ್ತೆ ತನ್ನ ಗುಂಡಿಯ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ತುರುಬು ಬಿಚ್ಚಿದಳು. ಎದೆಗೆ ಗುದ್ದಿಕೊಂಡಳು. ಮೊದಲು ಬರೀ ಕೆಮ್ಮು ಬಂತು, ಆಮೇಲೆ ರಾಗ.

"ಅಯ್ಯಯ್ಯೋ ಕೋದಂಡರಾಮಪ್ಪಾ, ನನ್ನಪ್ಪಾ...
ನನ್ ಗಂಡನ್ ಹೆಣಕ್ಕೆ ದಾರಿ ಬಿಡ್ದೋನೇ, ನನ್ನಪ್ಪಾ...
ಹೊಸಿಲ್ಗೆ ಹಾಲು ಕಳಿಸ್ದೋನೇ, ನನ್ನಪ್ಪಾ...
ನಿನ್ ಗುಂಡಿ ನೀನೇ ತೋಡಿಸ್ಕೊಂಡ್ ಹೋದ್ಯಲ್ಲೋ, ನನ್ನಪ್ಪಾ..."

"ನಿಲ್ಸೇ ಮುಂಡೆ!" ಗೌಡರ ದನಿ ಒಡೆದುಹೋಯಿತು. "ಬದುಕಿರೋನ ಹೆಸ್ರು ಹಿಡಿದು ಅಳ್ತೀಯೇನೇ? ಬಾಯಿ ಮುಚ್ಸ್ರೋ ಅವಳ್ದು!"

ಯಾರೂ ಮುಂದೆ ಬರಲಿಲ್ಲ. ಸಾವಿನ ಹಾಡಿನ ಅಡ್ಡ ಹೋಗಲು ಅವರಿಗೂ ಭಯವೇ. ಪಕ್ಕದಲ್ಲಿದ್ದ ಜಮೀನುದಾರರು ಗೌಡರಿಂದ ಒಂದೆರಡು ಹೆಜ್ಜೆ ದೂರ ಸರಿದು ನಿಂತರು. ಹೆಂಗಸರು ಒಬ್ಬೊಬ್ಬರಾಗಿ ಸೊಲ್ಲು ಹಿಡಿದರು. ನನ್ನ ಗಂಡ, ಗೌಡರ ಮುಂದೆ ಒಮ್ಮೆಯೂ ತಲೆ ಎತ್ತಿರದವನು, ಬಗ್ಗಿ ಮೂರು ಹಿಡಿ ಮಣ್ಣನ್ನು ಗುಂಡಿಗೆ ಹಾಕಿ ಸಲಿಕೆ ಎತ್ತಿಕೊಂಡ.

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಹತ್ತಿರ ನಿಂತಿದ್ದ ನನ್ನನ್ನೇ ಮೆಲ್ಲಗೆ ಕೇಳಿದರು.

"ಯಾರಮ್ಮಾ ತೀರಿಕೊಂಡಿದ್ದು?"

ನಾನು ಕೈ ಎತ್ತಿ, ಬೆರಳು ಚಾಚಿ, ಬಿಳೀ ಪಂಚೆಯಲ್ಲಿ ನಿಂತಿದ್ದ ಗೌಡರನ್ನು ತೋರಿಸಿದೆ.

"ಅವ್ರೇ ಸಾರ್."

ಗೌಡರು ಪಕ್ಕದ ಆಳಿನ ದೊಣ್ಣೆ ಕಿತ್ತುಕೊಂಡು ನಮ್ಮ ಕಡೆ ಬರತೊಡಗಿದರು. ಅತ್ತೆ ತಲೆ ಎತ್ತಲಿಲ್ಲ. ಒಮ್ಮೆ ಹಿಡಿದ ಹೆಸರನ್ನು ಮಣ್ಣು ಮುಚ್ಚುವವರೆಗೆ ಬಿಡುವಂತಿಲ್ಲ, ಗುಂಡಿ ಇನ್ನೂ ಅರ್ಧವೂ ತುಂಬಿರಲಿಲ್ಲ.