ಟಿಕೆಟ್ ಕಿಂಡಿಯ ಕೆಳಗಿನ ಕಲ್ಲು

"ಇದು ಯಾವ ದೇವ್ರು, ಯಮ್ಮಾ? ಖರೇ ಹೇಳ್ರಿ," ಎಂದ ಕಂಟ್ರಾಕ್ಟರ್ ಓಬುಲೇಶ್.

ಉಜ್ಜಿನಮ್ಮ ಮಲ್ಲಿಗೆ ಕಟ್ಟುತ್ತಿದ್ದ ಕೈ ನಿಲ್ಲಿಸಲಿಲ್ಲ. ಇಷ್ಟು ನಯವಾಗಿ ಕೇಳುವವನ ಮೇಲೆ ಅವಳಿಗೆ ಆಗಲೇ ಅನುಮಾನ ಹುಟ್ಟಿತ್ತು. ರಾಯದುರ್ಗದ ನಟ್ಟನಡುವೆ ಬೀಗ ಬಿದ್ದು ಬಾವಲಿಗಳ ಪಾಲಾಗಿದ್ದ ಟಾಕೀಸನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟಲು ಬಂದವನು ಇವನು. ಟಿಕೆಟ್ ಕಿಂಡಿಯ ಕೆಳಗೆ ಅರಿಶಿನ ಕುಂಕುಮ ಮೆತ್ತಿದ ಕಲ್ಲು ಕಂಡು ಕೂಲಿಗಳು ಹಾರೆ ಕೆಳಗಿಟ್ಟಿದ್ದರು.

ಆ ಕಲ್ಲು ಇಟ್ಟವಳು ಅವಳೇ. ಟಾಕೀಸು ಮುಚ್ಚಿದ ಮೇಲೆ ಅದರ ಜಗುಲಿಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದಳು. ಬಸ್ಸಿಳಿದ ಗಂಡಸರೆಲ್ಲ ಬಂದು ಆ ಗೋಡೆಗೇ ನಿಲ್ಲತೊಡಗಿದರು. ಬೈದು ಬೈದು ಬಾಯಿ ನೋಯಿಸಿಕೊಂಡವಳು, ಬಟ್ಟೆ ಒಗೆಯುವ ಕಲ್ಲಿನ ಒಡೆದ ತುಂಡು ತಂದು ಅರಿಶಿನ ಬಳಿದು ನಿಲ್ಲಿಸಿದಳು. ಮಾರನೆಯ ದಿನದಿಂದ ಗೋಡೆ ಒಣಗಿತು. ಆಮೇಲೆ ಯಾರೋ ಕಾಯಿ ಒಡೆದರು, ಯಾರೋ ಬಳೆ ಇಟ್ಟರು. ಮಾರಿ ಉಳಿದ ಹೂವನ್ನು ಅವಳೂ ದಿನಾ ಏರಿಸುತ್ತ ಬಂದಳು.

"ದೇವ್ರಾದ್ರ ಹಿಂದಿನ ಸಂದ್ಯಾಗ ಗುಡಿ ಕಟ್ಟಿಸ್ತೀನಿ, ನೀವೂ ಅಲ್ಲೇ ಕುಂದರ್ರಿ. ಬರೇ ಕಲ್ಲಾದ್ರ ತೆಗೆಸ್ತೀನಿ, ಮುಂದ್ಗಡೆ ಹೂವಿನ ಅಂಗಡಿ ನಿಮಗ," ಎಂದ ಓಬುಲೇಶ್.

ಹಿಂದಿನ ಸಂದಿಗೆ ನಾಯಿಯೂ ಹೋಗುವುದಿಲ್ಲ. ಅವಳ ಅನ್ನವಿದ್ದದ್ದು ಬಸ್ಸಿಳಿದವರ ಕಣ್ಣಿಗೆ ಬೀಳುವ ಈ ಜಾಗದಲ್ಲೇ. ಆದರೆ ಕಲ್ಲು ಹೋದ ಮರುದಿನ ಇವನಿಗೆ ತನ್ನ ಮುಖ ನೆನಪಿದ್ದೀತೇ?

"ಹಂಗಾದ್ರ ಆ ಮಾತು ಎಲ್ರ ಮುಂದ ಅನ್ರಿ, ಸಾವ್ಕಾರ್ರೆ."

ಓಬುಲೇಶ್ ಕೂಲಿಗಳನ್ನೆಲ್ಲ ಕರೆದು ಅಂಗಡಿಯ ಮಾತನ್ನು ಗಟ್ಟಿಯಾಗಿಯೇ ಅಂದ.

"ಕೇಳ್ರಿ ಮತ್ತ," ಎಂದಳು ಉಜ್ಜಿನಮ್ಮ. "ದೇವ್ರೂ ಇಲ್ಲ, ದಿಂಡ್ರೂ ಇಲ್ಲ. ಒಗೆಯೋ ಕಲ್ಲದು. ಉಚ್ಚಿ ಹೊಯ್ಯೋರ್ನ ಓಡ್ಸಾಕ ನಾನೇ ಇಟ್ಟಿದ್ದೆ."

ಕೂಲಿಗಳು ಮುಖ ಮುಖ ನೋಡಿಕೊಂಡರು. ಮೇಸ್ತ್ರಿ ಜಂಬಯ್ಯನಿಗೆ ನಂಬಿಕೆ ಬರಲಿಲ್ಲ. "ಅಂಗಡಿ ಆಸೆಗೆ ಹೇಳ್ತೀರೋ ಏನೋ, ಯಾರಿಗೆ ಗೊತ್ತು? ನೀವೇ ಎತ್ತಿ ಒಗೀರಿ, ಆಮ್ಯಾಲ ನಾವು ಹಾರೆ ಹಿಡೀತೀವಿ," ಎಂದ.

"ಅದೇನ್ ಮಹಾ!"

ಉಜ್ಜಿನಮ್ಮ ಸೆರಗು ಸಿಕ್ಕಿಸಿ ಎದ್ದಳು. ಜಗುಲಿಯ ತುಂಬ ಒಡೆದ ಗಾಜು. ಚಪ್ಪಲಿ ಮೆಟ್ಟಿಕೊಂಡು ಬಿರಬಿರನೆ ಕಿಂಡಿಯತ್ತ ನಡೆದಳು. ಬಗ್ಗಿ ಕಲ್ಲಿಗೆ ಕೈ ಹಚ್ಚಿದಳು. ನಿನ್ನೆಯ ಮಲ್ಲಿಗೆ ಇನ್ನೂ ಅದರ ಮೇಲಿತ್ತು.

ಎತ್ತುವ ಮುಂಚೆ ಕೂಲಿಗಳತ್ತ ಅವಳು ತಿರುಗಿದಳು. ಎಲ್ಲರೂ ನೆಲ ನೋಡುತ್ತಿದ್ದರು. ಕಲ್ಲಿನಿಂದ ಒಂದು ಮಾರು ಈಚೆಗೆ, ಗಾಜಿನ ಚೂರುಗಳ ನಡುವೆ, ಅವಳ ಚಪ್ಪಲಿಗಳೆರಡೂ ಪಕ್ಕಪಕ್ಕದಲ್ಲಿದ್ದವು.