ಮಗಳಿಗೆ ಕಾಣದ ಚುಕ್ಕಿಗಳು

ಅಂಗಳಕ್ಕೆ ಸಗಣಿ ನೀರು ಚೆಲ್ಲುತ್ತಿದ್ದೆ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ರಜೆಗೆ ಊರಿಗೆ ಬಂದಿದ್ದ ಮಗಳು ಹಾರಿಕಾ ಒಳಗಿನಿಂದ ಬರುವಾಗ ಬಕೆಟ್ಟಿಗೆ ಎಡವಿ ನೀರಿನಲ್ಲೇ ಬಿದ್ದಳು.

ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ನನ್ನ ಗಂಡ ಭೀಮಲಿಂಗಪ್ಪ ನಕ್ಕರು. "ಹೈದರಾಬಾದಿನಾಗ ಚುಕ್ಕಿ ಓದಾಕಿಗೆ ಕಾಲಾಗಿನ ಬಕೀಟ ಕಾಣವಲ್ದಲ್ಲ!"

ಅವಳು ನಗಲಿಲ್ಲ. ಬಟ್ಟೆಗೆ ಹತ್ತಿದ ಸಗಣಿಯನ್ನೂ ಒರೆಸದೆ, "ಹೌದಪಾ, ಕಾಣವಲ್ದು," ಅಂದಳು.

ಹಾರಿಕಾ ಖಗೋಳ ವಿಜ್ಞಾನದ ಡಿಗ್ರಿಯಲ್ಲಿ ಎರಡನೇ ವರ್ಷ. ಆಂಧ್ರದ ಗಡಿಭಾಗದ ನಮ್ಮ ಆಸ್ಪರಿ ಕಡೆ ಇಂಥದ್ದನ್ನು ಓದಿದವರಿಲ್ಲ. ಓಣಿಯ ಬಸವಕ್ಕ, "ನನ್ನ ಮಗನ್ನ ಶನಿ ಯಾವಾಗ ಬಿಡ್ತಾನ, ಹೇಳವಾ," ಅಂದರೆ, "ಶನಿಗೆ ನಿನ್ನ ಮಗ ಯಾರಂತನ ಗೊತ್ತಿಲ್ಲ ಬಿಡಬೇ," ಅಂತ ನಗಿಸುತ್ತಿದ್ದಳು.

ಹಾರಿಕಾಳನ್ನು ಒಳಗೆ ಕೂರಿಸಿ ಕಾಲು ತೊಳೆದೆ. ಆಗ ಹೇಳಿದಳು. ದೂರದರ್ಶಕದ ಕ್ಲಾಸಿನಲ್ಲಿ ಉಳಿದವರು ಮಸುಕು ಚುಕ್ಕಿಗಳನ್ನು ಒಂದೊಂದಾಗಿ ಗುರುತಿಸುತ್ತಿದ್ದರೆ ಇವಳಿಗೆ ಬರೀ ಕತ್ತಲೆಯಂತೆ. ಗೆಳತಿ ಮಹೇಶ್ವರಿ ಹೇಳಿದ್ದನ್ನು ಕೇಳಿ, ತಾನೇ ಕಂಡಂತೆ ಬರೆದು ಕೊಡುತ್ತಿದ್ದಳಂತೆ.

ಒಲೆ ಹಚ್ಚಲಿಲ್ಲ. ಅವಳನ್ನು ಕರೆದುಕೊಂಡು ಆದೋನಿಗೆ ಬಸ್ಸು ಹತ್ತಿದೆ.

ಕಣ್ಣಿನ ಡಾಕ್ಟರಮ್ಮ ಬಹಳ ಹೊತ್ತು ನೋಡಿ ತೆಲುಗಿನಲ್ಲಿ ಕೇಳಿದರು, "ಮೇನರಿಕಮಾ?" ನಂಟಿನೊಳಗೇ ಆದ ಮದುವೆಯೇ ಎಂದು.

ಯಾರು ಕೇಳಿದರೂ ಹೇಳುವಂತೆ ತಲೆಯೆತ್ತಿ ಹೇಳಿದೆ. "ಹೌದ್ರಿ, ನಮ್ಮವ್ವ ತನ್ನ ಸ್ವಂತ ತಮ್ಮಗ ನನ್ನ ಕೊಟ್ಟಾಳ. ಆಕಿನೂ ಸೋದರಮಾವನ್ನ ಮಾಡಿಕೊಂಡಾಕಿ. ನಮ್ಮ ಮನ್ಯಾಗ ಹೆಣ್ಣು ಹೊರಗ ಕೊಟ್ಟಿಲ್ರಿ."

ನಮ್ಮಲ್ಲಿ ಅದು ಮರ್ಯಾದೆಯ ಮಾತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಪ್ಪನಲ್ಲೂ ಅವ್ವನಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಕೂಡಿದೆ, ಕಣ್ಣಿನ ಒಳಪರದೆ ಸವೆಯುತ್ತಿದೆ ಅಂದರು. ಮೊದಲು ಕತ್ತಲಲ್ಲಿ ಕಾಣುವುದಿಲ್ಲ. ಆಮೇಲೆ ಹಗಲಿನ ನೋಟವೂ ಕಿರಿದಾಗುತ್ತಾ ಹೋಗುತ್ತದೆ. ಇದಕ್ಕೆ ಔಷಧವಿಲ್ಲ.

ಬಸ್ಸಿನಲ್ಲಿ ಹಾರಿಕಾ ಕಿಟಕಿಗೆ ತಲೆ ಕೊಟ್ಟು ಕೂತಿದ್ದಳು.

"ಓದು ಬಿಡಬ್ಯಾಡವ್ವಾ," ಅಂದೆ.

"ಬಿಡಬೇಕಿಲ್ಲ. ಕಂಪ್ಯೂಟರ್ ಮುಂದ ಲೆಕ್ಕ ಮಾಡಿನೂ ಆಕಾಶ ಓದಬಹುದು." ಕಿಟಕಿಯಿಂದ ತಲೆಯೆತ್ತಿ ಅಂದಳು, "ಆದ್ರ ನಾ ನೋಡಾಕ ಹೋಗಿದ್ದೆ, ಅವ್ವಾ."

ಅವಳ ಕೈ ಹಿಡಿದುಕೊಂಡೆ.

ಮನೆಯ ಬಾಗಿಲಲ್ಲೇ ಗಂಡ ಕಾಯುತ್ತಿದ್ದರು. "ಡ್ರಾಪ್ಸ್ ಕೊಟ್ಟಾರೇನು?"

"ಇದಕ ಔಷಧ ಇಲ್ಲಂತ, ಮಾಮಾ," ಅಂದೆ. ಚಿಕ್ಕಂದಿನಿಂದ ಅವರನ್ನು ಕರೆದದ್ದು ಹಾಗೆಯೇ. ಮದುವೆಯಾದ ಮೇಲೂ ಹಾಗೆಯೇ.

ಹಾರಿಕಾ ಹೊಸಿಲಲ್ಲೇ ನಿಂತಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಅವರನ್ನು.

"ನಿನ್ನ ಎತ್ತಿ ಆಡಿಸಿದ ಮಾಮನ್ನ ನೀ ಮದಿವಿ ಆಗೋಮುಂದ," ಅಂದಳು, "ಬ್ಯಾಡ ಅನ್ನಾಕ ಒಬ್ಬರೂ ಇರಲಿಲ್ಲೇನವ್ವಾ?"