ಸಾಲಿನಾಗ ನಿಂತ ನಲವತ್ತೊಂದು ಕಾಗದ

ಬಾಗಲಕೋಟ್ಯಾಗ ಗುಳೇದಗುಡ್ಡದ ಬಸ್ ಹತ್ತಿದಾಗಿಂದ ನೇಕಾರರ ಸಂಘದಾಗ ಕಂಪ್ಯೂಟರ್ ಕೆಲಸ ಮಾಡೂ ಮುಬಶೀರಾಗ ಸಿಟ್ಟು ತಡಿಯವಲ್ದಾಗಿತ್ತು. ಮುಂಜ ಮುಂಜಾನಿ ಲಾಲಬಿ ಫೋನ್ ಮಾಡಿ, "ನಿನಗ ಕರಳ ಅನ್ನೂದು ಐತೋ ಇಲ್ಲೋ? ನಾಳೆ ಶಿಬಿರ. ನನ್ನ ಕಾಗದ ಎಲ್ಲೈತಿ?" ಅಂತ ಬಾಯಿಗೆ ಬಂದಂಗ ಬೈದಿದ್ಲು.

ಬೈಯೂದು ತಪ್ಪಲ್ಲ ಬಿಡ್ರಿ. ಲಾಲಬಿ ನಲವತ್ತು ವರ್ಷ ಕುಬಸದ ಖಣ ನೇಯ್ದಾಕಿ. ಎರಡೂ ಕಣ್ಣಿಗೆ ಪೊರಿ ಬಂದು, ಹರದ ಎಳಿ ಕೈಗೆ ಸಿಕ್ರೂ ಕಣ್ಣಿಗೆ ಕಾಣ್ತಿದ್ದಿಲ್ಲ. ನೇಕಾರರ ಸಂಘದ ಒಂದು ಕಾಗದ ಇದ್ರ ಬಾಗಲಕೋಟಿ ಕಣ್ಣಿನ ಶಿಬಿರದಾಗ ಪುಕ್ಕಟಿ ಆಪರೇಶನ್ ಆಗ್ತಿತ್ತು. ಆ ಕಾಗದ ಸಿಗಲಾರದ ಆಗಲೇ ಎರಡು ಶಿಬಿರ ಹೋಗಿದ್ವು. ನಾಳಿಂದು ತಪ್ಪಿದ್ರ ಇನ್ನ ಮುಂದಿನ ವರ್ಷನ.

ಕಾಗದ ತಯಾರಾಗೂದು ಬಾಗಲಕೋಟಿ ದೊಡ್ಡ ಆಫೀಸಿನಾಗ, ಮುಬಶೀರಾನ ಕಡೆ. ಸಹಿ ಹಾಕೂದು ಗುಳೇದಗುಡ್ಡದ ಶಾಖೆ ಸೆಕ್ರೆಟರಿ ಶಂಕರಲಿಂಗ. ನೇಕಾರ ಮಂದಿ ಕಾಗದಕ್ಕ ಬಸ್ಸಿಗೆ ಬರಬೇಕು, ಸಹಿಗೆ ಮತ್ತ ಹೊಳ್ಳಿ ಹೋಗಬೇಕು. ಈ ತ್ರಾಸು ಯಾಕ ಅಂತ ಮುಬಶೀರಾ ತಾನ ಎರಡೂ ಆಫೀಸಿನ ಹಳೇ ಕಂಪ್ಯೂಟರಿಗೆ ಪುಕ್ಕಟಿ ಸಿಗೂ ಲಿನಕ್ಸ್ ಸಿಸ್ಟಮ್ ಹಾಕಿದ್ಲು. ಎರಡರ ನಡುವ ಬ್ಯಾರೆಯವ್ರು ಕೈ ಹಾಕದಂಥ ದಾರಿ ಮಾಡಿ, ಬಾಗಲಕೋಟ್ಯಾಗಿದ್ದ ಒಂದ ಒಂದು ಪ್ರಿಂಟರ್ ಗುಳೇದಗುಡ್ಡಕ್ಕ ಒಯ್ದಿಟ್ಟು ಇಲ್ಲಿನ ಕಂಪ್ಯೂಟರಿಗೆ ಕೂಡಿಸಿದ್ಲು. ಇಲ್ಲಿ ಒತ್ತಿದ್ರ ಅಲ್ಲಿ ಕಾಗದ! ಮೊದಲ್ನೇ ದಿನ ಟೆಸ್ಟಿನ ಹಾಳಿ ಬಂದೇಬಿಟ್ಟಿತು. ಒಂದು ವಾರ ಮಂದಿ ಕಾಗದಾನೂ ಬಂದ್ವು. ಆಮ್ಯಾಲ ಒಂದೂ ಇಲ್ಲ.

ಫೋನ್ ಮಾಡಿದಾಗೆಲ್ಲ ಶಂಕರಲಿಂಗನ ಮಾತು ಒಂದ: "ಪ್ರಿಂಟರ್ ಚಾಲೂ ಐತ್ರಿ, ಕಾಗದಾನೂ ತುಂಬೇನಿ. ನಿಮ್ಮ ಕಡಿಂದನ ಏನೂ ಬರವಲ್ದು." ದೊಡ್ಡ ಆಫೀಸಿನ ಮ್ಯಾನೇಜರ್ ವಿಜಯೀಂದ್ರ ಅವರಂತೂ ಎಲ್ಲಾರ ಮುಂದ, "ಪುಕ್ಕಟಿ ಸಿಸ್ಟಮ್ ಹಾಕಿದ್ರ ಹಿಂಗ ಆಗೂದವಾ" ಅಂದು ನಕ್ಕಿದ್ರು. ಆ ನಗಿ ಆಕಿ ಎದಿಗೆ ಚುಚ್ಚಿತ್ತು. ಎರಡು ತಿಂಗಳ ತನ್ನ ಕೆಲಸದಾಗನ ತಪ್ಪು ಹುಡುಕಿದ್ಲು. ವಿಳಾಸ ಬದಲು ಮಾಡಿದ್ಲು, ಪಾಸ್‌ವರ್ಡ್ ಬದಲು ಮಾಡಿದ್ಲು, ಪರವಾನಗಿ ಮತ್ತೊಮ್ಮೆ ಕೊಟ್ಲು. ಪರದಿ ಮ್ಯಾಲ ಮಾತ್ರ ದಿನಾ ಅದ ಸುದ್ದಿ: ಪ್ರಿಂಟರ್ ಸಿಗವಲ್ದು. ಇವತ್ತಿಗೆ ನಲವತ್ತೊಂದು ಕಾಗದ ಗುಳೇದಗುಡ್ಡದ ಕಂಪ್ಯೂಟರಿನಾಗ ಸಾಲು ಹಚ್ಚಿ ಕಾಯಾಕತ್ತಾವ.

ಶಾಖೆ ಕಟ್ಟಿ ಮ್ಯಾಲ ಲಾಲಬಿ ಕುಂತಿದ್ಲು. ಮುಬಶೀರಾನ ದನಿ ಕೇಳಿ ಮಾರಿ ಆ ಕಡೆ ತಿರುವಿದ್ಲು. ಒಳಗ ಶಂಕರಲಿಂಗ ಚಹಾ ಕುಡಿಯಾಕತ್ತಿದ್ದ. ಕಂಪ್ಯೂಟರ್ ಚಾಲೂ ಇತ್ತು. ಟೇಬಲ್ ಮ್ಯಾಲ ಪ್ರಿಂಟರ್ ಇಲ್ಲ!

"ಪ್ರಿಂಟರ್ ಎಲ್ಲೈತ್ರಿ?"

ಆತನ ಕಣ್ಣು ಕಪಾಟಿನ ನೆತ್ತಿಗೆ ಹೋತು. ಅಲ್ಲಿತ್ತು ನೋಡ್ರಿ, ಕುಂಕುಮ ಹಚ್ಚಿಸಿಕೊಂಡು, ಮ್ಯಾಲ ಅರಬಿ ಹೊಚ್ಚಿಸಿಕೊಂಡು. ವಾಯರ್ ಚೊಕ್ಕ ಸುತ್ತಿ ದಾರ ಕಟ್ಟಿತ್ತು.

"ಚಾಲೂ ಐತಿ ಅಂದ್ರೆಲ್ರಿ?"

"ಕೆಟ್ಟಿಲ್ಲ ಅಂತ ಹೇಳಿದ್ನಿ ಮೇಡಮ್ಮಾರ," ಅಂದ ಆತ, ಚಹಾ ಕೆಳಗಿಡಲಾರದ. "ನಾ ಊಟಕ್ಕ ಹೋದಾಗ ತಾನ ಕರ್‌ಕರ್ ಅಂತ ಹೊಡಿತಿತ್ತು. ಸೆಕ್ರೆಟರಿ ನಾನೋ ಅದೋ? ಮಂದಿ ಸೀದಾ ಬರೂದು, ಕಾಗದ ಎತ್ತಿ ನನ್ನ ಮುಂದ ಇಟ್ಟು ಸಹಿ ಹಾಕ್ರಿ ಅನ್ನೂದು. ಒಂದು ನಮಸ್ಕಾರ ಇಲ್ಲ, ಒಂದು ಕೇಳೂದಿಲ್ಲ. ಹಂಗಾದ್ರ ಈ ಕುರ್ಚಿಗೆ ಏನ್ ಕಿಮ್ಮತ್ತು?"

ಮುಬಶೀರಾನ ಮೈ ಉರದು ಹೋತು. ಒಬ್ಬಾತಗ ನಮಸ್ಕಾರ ಕಡಿಮಿ ಆತಂತ ಇಷ್ಟೊಂದು ಮಂದಿ ಕಾಯಬೇಕಾ? ಸ್ಟೂಲ್ ಹಾಕಿ ತಾನ ಹತ್ತಿ ಪ್ರಿಂಟರ್ ಇಳಿಸಿದ್ಲು. ವಾಯರ್ ಚುಚ್ಚಿದ್ಲು, ಕಾಗದ ತುಂಬಿದ್ಲು. ಅದು ಒಂದೆರಡು ಸಲ ಕೆಮ್ಮಿ ಹೊಡಿಯಾಕ ಶುರು ಮಾಡಿತು. ನಿಲ್ಲೂ ಮಾತ ಇಲ್ಲ. ಸಪ್ಪಳ ಕೇಳಿ ಓಣಿ ಮಂದಿ ಬಾಗಲಕ್ಕ ಬಂದು ನಿಂತ್ರು. ಒಬ್ಬೊಬ್ಬರ ಹೆಸರು ಓದಿ ಅವರವರ ಕೈಗೆ ಕೊಟ್ಲು. ಲಾಲಬಿ ಹೆಸರಿನವು ಮೂರು ಬಂದ್ವು, ಶಿಬಿರಕ್ಕೊಂದು. ಜುಲೈ, ಆಗಸ್ಟ್, ಸೆಪ್ಟೆಂಬರ್.

ಲಾಲಬಿ ಕಾಗದ ಮೂಗಿಗೆ ತಾಗಿಸಿ ಹಿಡಿದ್ಲು. "ಏನ್ ಬರದೈತಿ ಬೇಟಿ?"

"ನಿಮ್ಮ ಹೆಸರು ಖಾಲಾ. ಮೂರರಾಗೂ."

ಆಕಿ ಶಂಕರಲಿಂಗನ ಕಡೆ ತಿರುಗಿದ್ಲು. "ಎರಡು ತಿಂಗಳ ಈ ಹುಡುಗಿಗೆ ಶಾಪ ಹಾಕೇನಿ. ನಿಮ್ಮ ಮುಂದ ಕುಂತ ಹಾಕೇನಿ. ನೀವು ಹೌದವಾ ಹೌದು ಅಂದ್ರಿ."

"ಆತ ಬಿಡವಾ. ಸೆಪ್ಟೆಂಬರಿಂದಕ್ಕ ಸಹಿ ಹಾಕ್ತೇನಿ. ಉಳಿದವು ದಂಡ, ಹರದ ಒಗದುಬಿಡೂಣು." ಆತ ಕೈ ಚಾಚಿದ.

ಲಾಲಬಿ ಕಾಗದ ಎದಿಗೆ ಒತ್ತಿ ಹಿಡಕೊಂಡ್ಲು. "ಮೂರಕ್ಕೂ ಹಾಕ್ರಿ."

"ನಮಗೂ!" ಬಾಗಲದಾಗಿನ ಮಂದಿ ಒಳಗ ಬಂದ್ರು.

ಶಂಕರಲಿಂಗ ಪೆನ್ನು ತಗೊಂಡ. ಜುಲೈದ ಕಾಗದಕ್ಕ ಸಹಿ ಮಾಡಿ, ಕೆಳಗ ಜುಲೈದ ತಾರೀಖನ ಬರಿಯಾಕ ಹೋದ. ಮುಬಶೀರಾ ಅಲ್ಲಿ ಬೆರಳಿಟ್ಲು. "ಇವತ್ತಿಂದು ಬರೀರಿ."

"ಮ್ಯಾಲ ಜುಲೈ, ಕೆಳಗ ಸೆಪ್ಟೆಂಬರ್. ನೋಡಿದವ್ರು ಏನಂತಾರ?"

"ಏನಂತಾರೋ ಅನ್ಲಿ. ಬರೀರಿ."

ನಲವತ್ತೊಂದು ಸಲ ಬರದ, ತನ್ನ ಕೈಯಾರ. ಒಬ್ಬರೂ ನಮಸ್ಕಾರ ಮಾಡ್ಲಿಲ್ಲ.

ಲಾಲಬಿ ಶಿಬಿರದ ಕಾಗದ ಸೆರಗಿಗೆ ಕಟ್ಟಿಕೊಂಡ್ಲು. ಉಳಿದ ಎರಡು ಮುಬಶೀರಾನ ಕೈಗೆ ಕೊಟ್ಲು. "ಇವನ್ನ ನಿಮ್ಮ ದೊಡ್ಡ ಆಫೀಸಿಗೆ ಒಯ್ಯಿ ಬೇಟಿ. ಅಲ್ಲಿ ಇರೂವ್ರ ಕಣ್ಣು ನೆಟ್ಟಗ ಅದಾವಲ್ಲ, ಓದ್ಲಿ."